ಎಂಟು ಸಾಲಿನ ಬಾಗಿಲು

ಕಳೆದ ಜನವರಿಯಲ್ಲಿ ಪರಿಚಯದವರ ಮಗಳ ಆರತಕ್ಷತೆಗೆಂದು ದೋಹಾದ ಒಂದು ದೊಡ್ಡ ಹೋಟೆಲಿಗೆ ಹೋಗಿದ್ದೆವು. ನಾವಿರುವ ಅಲ್ ವುಕೈರ್‌ನಿಂದ ಹೊರಟು, ಅರ್ಧ ದಾರಿಯಲ್ಲಿ ಉಡುಗೊರೆ ಮರೆತದ್ದು ನೆನಪಾಗಿ ವಾಪಸು ಹೋಗಿ, ಮತ್ತೆ ಹೊರಟು ತಲುಪುವಾಗ ಊಟ ಶುರುವಾಗಿತ್ತು. ಯಜಮಾನರು ಕಾರು ನಿಲ್ಲಿಸಲು ಹೋದರು. ಲಾಬಿಯಲ್ಲಿ ಕಾಯುತ್ತ ನಿಂತಿದ್ದಾಗ ಎಲ್ಲಿಂದಲೋ ಆ ವಾಸನೆ ಬಂತು. ಹುರಿದು ಡಬ್ಬದಲ್ಲಿ ಹಾಕಿ ಮರೆತುಬಿಟ್ಟ ನೆಲಗಡಲೆಯ ವಾಸನೆ. ಅದು ಟಂಗ್ ಎಣ್ಣೆ, ಚೀನಾದವರು ಮರಕ್ಕೆ ಕುಡಿಸುವ ಎಣ್ಣೆ. ಸುತ್ತ ನೋಡಿದರೆ ರಿಸೆಪ್ಶನ್ ಕೌಂಟರಿಗೆ ಹೊಸ ಮರ ಹಾಕಿಸಿದ್ದರು, ಅಷ್ಟೆ. ಒಂದು ಕಾಲದಲ್ಲಿ ನಮ್ಮ ಕೆಂಪು ಬಾಗಿಲು ಇದ್ದ ಎಡಗಡೆಯಲ್ಲಿ ಈಗ ಗಾಜಿನ ಗೋಡೆ, ಒಳಗೆ ಕಾಫಿ ಯಂತ್ರ. ಹೋಟೆಲುಗಳು ಹತ್ತು ವರ್ಷಕ್ಕೊಮ್ಮೆ ಅಂಗಿ ಬದಲಾಯಿಸುತ್ತವೆ, ಅದಕ್ಕೆಲ್ಲ ಬೇಸರ ಮಾಡಿಕೊಂಡರೆ ನಮ್ಮ ಕಸುಬಿನವರು ಬದುಕುವ ಹಾಗೇ ಇಲ್ಲ. ಆದರೂ ಆ ಗಾಜಿನ ಎದುರು ನಿಂತು, ಇಲ್ಲದ ಬಾಗಿಲಿನ ಸಾಲುಗಳನ್ನು ಮೇಲಿನಿಂದ ಕೆಳಗೆ ಎಣಿಸಿದೆ.

"ಯಾರನ್ನು ಹುಡುಕ್ತಾ ಇದ್ದಿ?" ಎಂದರು ಹಿಂದಿನಿಂದ ಬಂದ ಯಜಮಾನರು.

"ಆಚಾರ್ರನ್ನು" ಎಂದೆ. ಅವರಿಗೆ ಆ ಕಥೆ ಗೊತ್ತು.

ಅದು ಎರಡು ಸಾವಿರದ ಆರು. ವರ್ಷದ ಕೊನೆಗೆ ಏಷ್ಯನ್ ಕ್ರೀಡಾಕೂಟವಿತ್ತು. ನೆಂಟರು ಬರುವ ಮುಂಚೆ ಸುಣ್ಣ ಬಳಿಯುವ ಗಡಿಬಿಡಿಯಲ್ಲಿ ಇಡೀ ದೋಹಾ ಇತ್ತು. ನಿನ್ನೆ ಹೋದ ರಸ್ತೆ ಇವತ್ತು ಇರುತ್ತಿರಲಿಲ್ಲ. ಹಳೆಯ ಪೇಟೆ ಸೂಕ್ ವಾಕಿಫ್‌ನಲ್ಲಿ ಸಿಮೆಂಟು ಕೆತ್ತಿ ತೆಗೆದು ಮಣ್ಣು ಮೆತ್ತುತ್ತಿದ್ದರು, ಹೊಸದನ್ನು ಹಳತು ಮಾಡುವುದಕ್ಕೆ. ಹೋಟೆಲುಗಳ ಒಳಗಿನ ಮರಗೆಲಸ, ಚಾವಣಿ ಕೆಲಸ ಮಾಡುವ ನಮ್ಮ ಕಂಪನಿಗೆ ಸಿಕ್ಕಿದ್ದು ಒಂದು ಚೀನೀ ರೆಸ್ಟೋರೆಂಟು. ಬೀಜಿಂಗಿನ ಅರಸರ ಅರಮನೆಯ ಹಾಗೆ ಕಾಣಬೇಕು, ನವೆಂಬರಿನ ಒಳಗೆ ಮುಗಿಯಬೇಕು. ಎರಡರಲ್ಲಿ ಯಾವುದು ಮುಖ್ಯ ಎಂದು ಯಾರೂ ಹೇಳಿರಲಿಲ್ಲ.

ನಾನು ಉಡುಪಿಯಲ್ಲಿ ಸಿವಿಲ್ ಡಿಪ್ಲೊಮಾ ಮಾಡಿ, ಮದುವೆಯಾಗಿ ಬಂದು, ಮೂರು ವರ್ಷ ಮನೆಯಲ್ಲಿ ಕೂತು ಗೋಡೆಯ ಹಲ್ಲಿಗಳಿಗೆಲ್ಲ ಹೆಸರಿಟ್ಟು ಮುಗಿಸಿದ ಮೇಲೆ ಈ ಕಂಪನಿಗೆ ಡ್ರಾಫ್ಟ್ಸ್‌ಮನ್ ಆಗಿ ಸೇರಿದ್ದೆ. ಹೆಂಗಸಾದರೂ ಲೇಬರ್ ಕಾರ್ಡಿನಲ್ಲಿ ಡ್ರಾಫ್ಟ್ಸ್‌ಮನ್ ಎಂದೇ ಇತ್ತು. ಆರು ತಿಂಗಳ ಪ್ರೊಬೇಷನ್. ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಳಗೆ ವರ್ಕ್‌ಶಾಪು, ಮೇಲೆ ತಗಡಿನ ಮೆಟ್ಟಿಲು ಹತ್ತಿದರೆ ನಮ್ಮ ಆಫೀಸು. ಕನ್ಸಲ್ಟೆಂಟರು ಕಳಿಸಿದ ನಕ್ಷೆಯನ್ನು ಬಡಗಿಗಳು ಕೊಯ್ಯಬಹುದಾದ ಅಳತೆಗೆ ಇಳಿಸಿ ಕೊಡುವುದು ನನ್ನ ಕೆಲಸ. ಪ್ರಾಜೆಕ್ಟ್ ಮ್ಯಾನೇಜರ್ ಜೋರ್ಡಾನಿನ ನಬೀಲ್. ಒಳ್ಳೆಯ ಮನುಷ್ಯ, ಆದರೆ ಆ ವರ್ಷ ಆತನಿಗೆ ಒಳ್ಳೆಯವನಾಗಿರಲು ಪುರುಸೊತ್ತಿರಲಿಲ್ಲ. ಯಾವ ಮಾತಾದರೂ "ಯಲ್ಲಾ", ಅಂದರೆ ಹೂಂ ಬೇಗ, ಎಂದು ಶುರು, "ಖಲಾಸ್", ಅಂದರೆ ಮುಗಿಯಿತು, ಎಂದು ಮುಕ್ತಾಯ.

ಜೂನ್ ತಿಂಗಳ ಉರಿಯಲ್ಲಿ ಚೀನಾದಿಂದ ಗುವೋ ಬಂದರು. ಅರುವತ್ತರ ಆಸುಪಾಸು, ಒಣಕಲು ಮೈ, ಆಯುಷ್ಯವಿಡೀ ಬೀಜಿಂಗಿನ ಹಳೆಯ ಅರಮನೆ, ಗುಡಿಗಳ ಮರದ ಕೆಲಸ ರಿಪೇರಿ ಮಾಡಿದವರು. ಇಂಗ್ಲಿಷು ಒಟ್ಟು ನಲವತ್ತು ಶಬ್ದ ಇದ್ದೀತು. ಉಳಿದದ್ದನ್ನೆಲ್ಲ ಪೆನ್ಸಿಲಿನಲ್ಲಿ ಪ್ಲೈವುಡ್ ಮೇಲೆ ಬರೆದು ತೋರಿಸುತ್ತಿದ್ದರು. ಅವರಿಗೆ ಒಬ್ಬ ಜೊತೆಗಾರ ಬೇಕು ಎಂದಾಗ ನಬೀಲ್ ಬಡಗಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, "ಸ್ವಂತ ಉಳಿ ಯಾರ ಹತ್ತಿರ ಇದೆ?" ಎಂದು ಕೇಳಿದ. ಮೇಲೆದ್ದದ್ದು ಒಂದೇ ಕೈ.

ಅದು ಸೀತಾರಾಮ ಆಚಾರ್ರದ್ದು. ಕಾರ್ಕಳದ ಕಡೆಯವರು. ತಂದೆಯ ಜೊತೆ ಗುಡಿಯ ಬಾಗಿಲು, ದೈವದ ಉಯ್ಯಾಲೆ ಕೆತ್ತುತ್ತ ಬೆಳೆದವರು. ದೋಹಾಕ್ಕೆ ಬಂದು ಹದಿನಾಲ್ಕು ವರ್ಷವಾಗಿತ್ತು. ಆ ಹದಿನಾಲ್ಕು ವರ್ಷವೂ ಮಾಡಿದ್ದು ಒಂದೇ: ಮರದ ಹುಡಿಯನ್ನು ಒತ್ತಿ ಮಾಡಿದ ಬೋರ್ಡಿಗೆ ಲ್ಯಾಮಿನೇಟ್ ಅಂಟಿಸುವುದು. "ಅದಕ್ಕೆ ಆಚಾರಿ ಎಂತಕ್ಕೆ ಅಕ್ಕ, ಅಂಟು ಇದ್ದರೆ ಸಾಕು" ಎನ್ನುತ್ತಿದ್ದರು. ಉಳಿಗಳನ್ನು ಮಾತ್ರ ಬಟ್ಟೆ ಸುತ್ತಿ, ಎಣ್ಣೆ ಹಚ್ಚಿ, ಒಂದು ಹಸಿರು ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟಿದ್ದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದರೂ ನನ್ನನ್ನು ವಿನಯಕ್ಕ ಎಂದೇ ಕರೆಯುತ್ತಿದ್ದರು. ನಾವು ಮಾತಾಡುತ್ತಿದ್ದುದು ತುಳುವಿನಲ್ಲಿ. ಇಲ್ಲಿ ನಮ್ಮ ಕಡೆಯ ಕನ್ನಡಕ್ಕೆ ಇಳಿಸಿ ಬರೆಯುತ್ತಿದ್ದೇನೆ.

ಮೊದಲ ದಿನ ಗುವೋ ತಮ್ಮ ಪೆಟ್ಟಿಗೆಯಿಂದ ಒಂದು ಸಣ್ಣ ಮರದ ದೋಣಿಯಂಥದ್ದನ್ನು ತೆಗೆದರು. ಒಂದು ಕಡೆ ಮಸಿ, ಇನ್ನೊಂದು ಕಡೆ ರಾಟೆ, ನಡುವೆ ನೂಲು. ನೂಲನ್ನು ಹಲಗೆಯ ಮೇಲೆ ಬಿಗಿ ಎಳೆದು, ನಡುವಿನಲ್ಲಿ ಎತ್ತಿ ಬಿಟ್ಟರು. ಹಲಗೆಯ ಮೇಲೆ ನೆಟ್ಟಗೆ ಕಪ್ಪು ಗೆರೆ ಬಿತ್ತು. ಆಚಾರ್ರು ಹೋಗಿ ತಮ್ಮ ಹಸಿರು ಪೆಟ್ಟಿಗೆ ತೆರೆದು, ಇದ್ದಿಲಿನ ಹುಡಿ ಮೆತ್ತಿದ ತಮ್ಮ ನೂಲಿನ ಉಂಡೆ ತಂದು, ಪಕ್ಕದಲ್ಲೇ ಇನ್ನೊಂದು ಗೆರೆ ಹೊಡೆದರು. ಗುವೋ ಎರಡೂ ಗೆರೆ ನೋಡಿದರು, ಆಚಾರ್ರ ಮುಖ ನೋಡಿದರು, ಹೆಬ್ಬೆರಳು ಎತ್ತಿದರು. ಅಲ್ಲಿಂದ ಅವರಿಬ್ಬರಿಗೆ ನನ್ನ ದುಭಾಷಿತನ ಬೇಕಾದದ್ದು ಕಡಿಮೆ.

ಆದರೂ ನಾನು ನೆಪ ಹುಡುಕಿಕೊಂಡು ದಿನಕ್ಕೆ ನಾಲ್ಕು ಸಲ ಕೆಳಗೆ ಇಳಿಯುತ್ತಿದ್ದೆ. ಮೇಲೆ ನಾನು ಗೆರೆ ಎಳೆಯುತ್ತಿದ್ದ ಪ್ರತಿಯೊಂದಕ್ಕೂ ಕೆಳಗೆ ಒಂದು ಅರ್ಥವಿತ್ತು. ಮಾಡಿನ ಹಳದಿ ಹೆಂಚು ಅರಸನಿಗೆ ಮಾತ್ರ, ರಾಜಕುಮಾರರಿಗೆ ಹಸಿರು. ಪುಸ್ತಕ ಇಡುವ ಕಟ್ಟಡಕ್ಕೆ ಕಪ್ಪು, ಯಾಕೆಂದರೆ ಕಪ್ಪು ನೀರಿನ ಬಣ್ಣ, ನೀರಿದ್ದಲ್ಲಿ ಬೆಂಕಿ ಬಾರದು. ಚಾವಣಿಯ ನಡುವೆ ಗುಂಡಗಿನ ಬಾವಿಯಂಥ ಗೂಡು, ಅದರೊಳಗೆ ಬಾಯಲ್ಲಿ ಮುತ್ತು ಹಿಡಿದು ಸುರುಳಿ ಸುತ್ತಿ ಕೂತ ಡ್ರ್ಯಾಗನ್. ಅದರ ಕಾಲಿಗೆ ಐದು ಉಗುರು ಇದ್ದರೆ ಅದು ಅರಸನದ್ದು. ಮಾಡಿನ ತುದಿಯಲ್ಲಿ ಬಾಯಿ ತೆರೆದು, ಎರಡು ಇಳಿಜಾರು ಸೇರುವ ಕೋಡನ್ನೇ ನುಂಗುತ್ತಿರುವ ಮೀನಿನಂಥ ಒಂದು ಪ್ರಾಣಿ, ಅದರ ಬೆನ್ನಿಗೆ ಚುಚ್ಚಿದ ಕತ್ತಿಯ ಹಿಡಿ. "ಪಾಪದ್ದಕ್ಕೆ ಕತ್ತಿ ಯಾಕಂತೆ?" ಎಂದು ಆಚಾರ್ರು ಕೇಳಿದರು. ಗುವೋ ಎರಡೂ ಕೈ ಬಡಿದು ಹಾರುವ ಹಾಗೆ ಮಾಡಿ, ಆಮೇಲೆ ತಲೆ ಅಲ್ಲಾಡಿಸಿದರು. ಮಳೆ ತರುವ ಪ್ರಾಣಿ ಅದು, ಹಾರಿ ಹೋಗದಿರಲೆಂದು ಕತ್ತಿ ಹೊಡೆದು ಕೂರಿಸಿದ್ದು. ದೋಹಾದಲ್ಲಿ ಅದು ಎಷ್ಟು ಕೂತರೂ ಮಳೆ ಬರುವುದಿಲ್ಲ ಎಂದು ನಾವಿಬ್ಬರೂ ನಕ್ಕೆವು.

ಸ್ಟೋರು ನೋಡಿಕೊಳ್ಳುತ್ತಿದ್ದವರು ಬಂಟ್ವಾಳದ ಬ್ಯಾರಿ, ಎಲ್ಲರ ಬಾಯಲ್ಲಿ ಹಸನಾಕ. ಚೀನಾದಿಂದ ಬಂದ ಪೆಟ್ಟಿಗೆ ತೆರೆದಾಗ ಅವರು ಒಂದೊಂದನ್ನೇ ಎತ್ತಿ ಕೂಗಿ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. "ಕೋಳಿ ಮೇಲೆ ಕೂತ ಮನುಷ್ಯ ಒಂದು. ಸಿಂಹ ಒಂದು. ಕುದುರೆ ಎರಡು, ಒಂದಕ್ಕೆ ರೆಕ್ಕೆ ಉಂಟು. ಇದೆಂತದ್ದು ಮಾರಾಯ್ರೆ, ಇದಕ್ಕೆ ಹೆಸರು ನೀವೇ ಇಡಿ." ಅವೆಲ್ಲ ಮಾಡಿನ ಇಳಿಜಾರು ಕೋಡಿನ ಮೇಲೆ ಸಾಲಾಗಿ ಕೂರುವ ಕಾವಲಿನ ಪ್ರಾಣಿಗಳು. ಇನ್ನೊಂದು ದಿನ, ಹಳೆಯ ಕಾಲದಲ್ಲಿ ಮರಕ್ಕೆ ಬಣ್ಣ ಬಳಿಯುವ ಮುಂಚೆ ಮೆತ್ತುವ ಗಾರೆಯಲ್ಲಿ ಏನೆಲ್ಲ ಇರುತ್ತದೆ ಎಂದು ಗುವೋ ವಿವರಿಸುತ್ತಿದ್ದರು. ಇಟ್ಟಿಗೆ ಹುಡಿ, ಹಿಟ್ಟು, ನಾರು, ಟಂಗ್ ಎಣ್ಣೆ. ಕೊನೆಯ ಒಂದಕ್ಕೆ ಶಬ್ದ ಸಿಗದೆ ಮೂಗಿನಲ್ಲಿ ಗುರುಗುಟ್ಟಿ ಹಂದಿಯ ಹಾಗೆ ಸದ್ದು ಮಾಡಿ, ಕೈಯ ರಕ್ತನಾಳ ತೋರಿಸಿದರು. ಹಸನಾಕ ಎರಡು ಹೆಜ್ಜೆ ಹಿಂದೆ ಸರಿದರು. ಗುವೋ ಗಾಬರಿಯಿಂದ, ಆ ಗಾರೆಯ ಬದಲು ನಾವು ಬಳಸುವ ಪುಟ್ಟಿಯ ಡಬ್ಬ ಎತ್ತಿ ತೋರಿಸಿ, "ಹಿಯರ್ ನೋ. ಹಿಯರ್ ಹಲಾಲ್" ಎಂದರು. ಹಸನಾಕ ಡಬ್ಬದ ಚೀಟಿಯನ್ನು ಕನ್ನಡಕ ಹಾಕಿ ಪೂರ್ತಿ ಓದಿದ ಮೇಲೆಯೇ ಒಳಗೆ ಬಿಟ್ಟದ್ದು.

ಆಗಸ್ಟಿನಲ್ಲಿ ಒಂದು ಜಗಳವಾಯಿತು. ಬಾಗಿಲ ಮೇಲಿನ ಮಾಡಿಗೆ ಹತ್ತು ಪ್ರಾಣಿ ಇಡಬೇಕೆಂದು ಕನ್ಸಲ್ಟೆಂಟರ ನಕ್ಷೆಯಲ್ಲಿತ್ತು. ಗುವೋ ಐದೇ ಇಡುವುದು ಎಂದು ಕೂತರು. ಪ್ರಪಂಚದಲ್ಲಿ ಹತ್ತು ಇರುವುದು ಒಂದೇ ಮಾಡಿನ ಮೇಲೆ, ಅರಸನ ಸಿಂಹಾಸನ ಇರುವ ಸಭೆಯ ಮೇಲೆ. ಬೇರೆ ಎಲ್ಲ ಕಡೆ ಒಂಬತ್ತು, ಏಳು, ಐದು, ಮೂರು, ಯೋಗ್ಯತೆಗೆ ತಕ್ಕಂತೆ. ನಬೀಲ್ ತಲೆ ಕೆರೆದುಕೊಂಡ. "ಐದು ಮಿಕ್ಕಿದರೆ ಏನು ಮಾಡೋದು, ಮನೆಗೆ ಒಯ್ಯೋದಾ?" ಎಂದ. ನಾನು ಆಚಾರ್ರಿಗೆ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ಸರಿ ಉಂಟಲ್ಲ ಅಕ್ಕ. ಗುಡಿಯ ಶಿಖರದ ಮುಗುಳಿಯನ್ನು ಮನೆಯ ಮಾಡಿಗೆ ಇಡ್ಲಿಕ್ಕೆ ಆಗ್ತದಾ? ಯಾರು ಹೇಳಿದ್ರೂ ನಾನು ಇಡ್ಲಿಕ್ಕಿಲ್ಲ."

ಐದೇ ಉಳಿಯಿತು. ಆದರೆ ಬಾಗಿಲಿಗೆ ಮಾತ್ರ ಅರಸನದೇ ಲೆಕ್ಕ. ಕೆಂಪು ಬಾಗಿಲು, ಎರಡು ರೆಕ್ಕೆ. ಒಂದೊಂದು ರೆಕ್ಕೆಯ ಮೇಲೂ ಚಿನ್ನದ ಬಣ್ಣದ, ಪುಟ್ಟ ಬಟ್ಟಲು ಕವುಚಿದಂಥ ಹಿತ್ತಾಳೆಯ ಗುಬ್ಬಿಗಳು, ಒಂಬತ್ತು ಸಾಲು, ಸಾಲಿಗೆ ಒಂಬತ್ತು. ಬೆಸ ಸಂಖ್ಯೆ ಸೂರ್ಯನ ಬದಿಯದ್ದು, ಬೆಸಗಳಲ್ಲಿ ಒಂಬತ್ತು ಎಲ್ಲಕ್ಕಿಂತ ದೊಡ್ಡದು, ಹಾಗಾಗಿ ಒಂಬತ್ತೊಂಬತ್ತಲ ಎಂಬತ್ತೊಂದು ಅರಸನ ಬಾಗಿಲು. ಹೋಟೆಲಿಗೆ ಅದು ಹೇಗೆ ಸಲ್ಲುತ್ತದೆ ಎಂದು ನಾನು ಕೆಣಕಿದೆ. ಗುವೋ ನಮ್ಮ ನಬೀಲನಿಂದ ಕಲಿತ ಶಬ್ದವನ್ನೇ ತಿರುಗಿಸಿ ಹೇಳಿದರು, "ಕಿಂಗ್ ಖಲಾಸ್. ನೌ ಎವ್ರಿಬಡಿ ನೈನ್."

ಆ ಬಾಗಿಲಿನ ಕೆಲಸ ಆಚಾರ್ರ ಕೈಗೆ ಬಂತು. ತೇಗದ ದಪ್ಪ ಹಲಗೆಗಳು, ಮೊಳೆ ಇಲ್ಲದೆ ಒಂದಕ್ಕೊಂದು ಕಚ್ಚಿಸುವ ಕೆಲಸ. ಹದಿನಾಲ್ಕು ವರ್ಷದ ಮೇಲೆ ನಿಜವಾದ ಮರ. ಊಟದ ಬಿಡುವಿನಲ್ಲೂ ಅವರು ಆ ಹಲಗೆಯ ಹತ್ತಿರವೇ ಕೂರುತ್ತಿದ್ದರು. "ಇದನ್ನು ಮುಗಿಸಿ ಊರಿಗೆ ಹೋದ್ರೂ ಬೇಜಾರಿಲ್ಲ ಅಕ್ಕ. ಒಂದು ಬಾಗಿಲು ಮಾಡಿದ್ದೇನೆ ಅಂತ ಹೇಳ್ಬಹುದು" ಎಂದಿದ್ದರು ಒಮ್ಮೆ. ಆ ಮಾತನ್ನು ನಾನು ಆಗ ಅಷ್ಟು ಗಮನಕ್ಕೆ ತೆಗೆದುಕೊಳ್ಳಲಿಲ್ಲ.

ಸೆಪ್ಟೆಂಬರ್ ಮಧ್ಯದ ಒಂದು ಭಾನುವಾರ. ಹೊರಗೆ ಕಾಲಿಟ್ಟರೆ ಕನ್ನಡಕಕ್ಕೆ ಮಂಜು ಹಿಡಿಯುವಷ್ಟು ಸೆಕೆ. ಬೆಳಿಗ್ಗೆ ಹೋಟೆಲಿನಿಂದ ನಬೀಲನ ಫೋನು ಬಂತು. ಬಾಗಿಲ ಮೇಲೆ ಎಸಿಯ ಡಕ್ಟು ಅಡ್ಡ ಬಂದಿದೆ, ಬಾಗಿಲು ಒಂದು ಗೇಣು ಗಿಡ್ಡವಾಗಬೇಕು, ಇವತ್ತೇ ಡ್ರಾಯಿಂಗ್ ಬದಲಾಯಿಸು, ಯಲ್ಲಾ. ಒಂದು ಗೇಣು ಎಂದರೆ ಸರಿಯಾಗಿ ಒಂದು ಸಾಲು ಗುಬ್ಬಿ. ಇಂಥ ಬದಲಾವಣೆಗೆ ಗುವೋ ಸಹಿ ಬೇಕು ಎಂಬುದು ನಿಯಮ. ಗುವೋ ಆ ಮೂರು ದಿನ ಹೋಟೆಲಿನಲ್ಲಿ ಡ್ರ್ಯಾಗನ್ ಕೂರಿಸುತ್ತಿದ್ದರು. ಫೋನಿನಲ್ಲಿ ಅವರೊಡನೆ ಮಾತು ಸಾಗದು, ಬರೆದು ತೋರಿಸಲೇಬೇಕು. ಒಂದು ಟ್ಯಾಕ್ಸಿ ಹಿಡಿದಿದ್ದರೆ ಅರ್ಧ ಗಂಟೆಯ ದಾರಿ. ನಾನು ಟ್ಯಾಕ್ಸಿ ಹಿಡಿಯಲಿಲ್ಲ. ಕೆಳಗೆ ಇಳಿದು ಆಚಾರ್ರನ್ನು ಕೇಳಿದೆ.

"ಸಾಲುಗಳನ್ನು ಹತ್ತಿರ ಹತ್ತಿರ ಮಾಡುವುದಾ, ಒಂದು ಸಾಲು ಬಿಡುವುದಾ?"

ಆಚಾರ್ರು ಹಲಗೆಯ ಮೇಲೆ ಕೈ ಸವರಿದರು. "ಹತ್ತಿರ ಮಾಡಿದ್ರೆ ಚಂದ ಕಾಣ್ಲಿಕ್ಕಿಲ್ಲ ಅಕ್ಕ. ಒಂದು ಬಿಡುವ. ಎಂಟಾಗ್ತದೆ. ನನಗೆ ಮೊದಲಿಂದ ಆ ಒಂಬತ್ತು ಸ್ವಲ್ಪ ಕಿರಿಕಿರಿಯೇ. ನಮ್ಮಲ್ಲಿ ಬಾಗಿಲು, ಕಿಟಕಿ, ಮಾಡನ್ನು ಹೊರುವ ಪಕ್ಕಾಸು, ಎಲ್ಲ ಸಮ ಬರ್ಬೇಕು. ಮೆಟ್ಲು ಮಾತ್ರ ಬೆಸ. ಬಾಗಿಲಿಗೆ ಬೆಸ ಕೊಟ್ರೆ ಮನೆ ಏಳಿಗೆ ಆಗುದಿಲ್ಲ ಅಂತ ನನ್ನ ಅಪ್ಪ ಹೇಳ್ತಿದ್ರು."

ಅಷ್ಟು ದಿನ ಗುವೋ ಹೇಳಿದ ಒಂಬತ್ತರ ಮಹಿಮೆಯನ್ನೆಲ್ಲ ಕೇಳಿಸಿಕೊಂಡು, ಡೈರಿಯಲ್ಲಿ ಬರೆದುಕೊಂಡು ಕೂಡ, ಆ ಕ್ಷಣ ನನಗೆ ಆಚಾರ್ರ ಮಾತೇ ಸರಿ ಎನಿಸಿತು. ನಮ್ಮ ಮನೆಯ ಬಾಗಿಲು-ಕಿಟಕಿಗಳನ್ನೂ ಅಜ್ಜ ಹಾಗೇ ಎಣಿಸಿಯೇ ಇಡಿಸಿದ್ದು. ಮೇಲೆ ಹೋಗಿ ಒಂದು ಸಾಲು ಅಳಿಸಿದೆ, ರಿವಿಷನ್ ಮೂರು ಎಂದು ಬರೆದೆ, ಸಹಿಯ ಚೌಕದಲ್ಲಿ ನನ್ನ ಇನಿಶಿಯಲ್ ಹಾಕಿ ಒಂದೇ ಒಂದು ಪ್ರಿಂಟು ಕೆಳಗೆ ಕೊಟ್ಟೆ. ಮೂರನೆಯ ದಿನದ ಹೊತ್ತಿಗೆ ಎರಡೂ ರೆಕ್ಕೆಗಳಿಗೆ ತೂತು ಕೊರೆದಾಗಿತ್ತು. ಒಟ್ಟು ನೂರ ನಲವತ್ತನಾಲ್ಕು.

ಬುಧವಾರ ಬೆಳಿಗ್ಗೆ ಗುವೋ ಬಂದರು. ಬಾಗಿಲಿನ ಎದುರು ನಿಂತು, ಬೆರಳು ಆಡಿಸುತ್ತ ಮೇಲಿನಿಂದ ಕೆಳಗೆ ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಆಮೇಲೆ ಮರದ ರಾಶಿಯ ಮೇಲೆ ಕೂತುಬಿಟ್ಟರು. ಬೈಯಲಿಲ್ಲ. ಕೂತಲ್ಲಿಂದಲೇ ಒಂದು ತುಂಡು ಪ್ಲೈವುಡ್ ಎಳೆದುಕೊಂಡು ಅರಮನೆಯ ಗೋಡೆ ಬರೆದರು. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಮೂರರ ಮೇಲೆ ಒಂಬತ್ತು ಎಂದು ಬರೆದರು. ಪೂರ್ವದ ಬಾಗಿಲ ಮೇಲೆ ಎಂಟು. ಆ ಬಾಗಿಲಿನಿಂದ ಹೊರಗೆ ಬರುವ ಹಾಗೆ ನಾಲ್ಕು ಜನರನ್ನು ಬರೆದರು, ಅವರ ಹೆಗಲ ಮೇಲೆ ಒಂದು ಉದ್ದ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಮಲಗಿದ ಅರಸ.

ಆ ಚಿತ್ರಕ್ಕೆ ದುಭಾಷಿ ಬೇಕಿರಲಿಲ್ಲ. ಆಚಾರ್ರು ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟರು. ಅರಮನೆಯ ಅಷ್ಟು ಬಾಗಿಲುಗಳಲ್ಲಿ ಹೆಣ ಹೊರಡುವ ಬಾಗಿಲನ್ನೇ ನಾವಿಬ್ಬರೂ ಸೇರಿ ಊಟದ ಮನೆಗೆ ಮಾಡಿ ಇಟ್ಟಿದ್ದೆವು.

ಅಷ್ಟರಲ್ಲಿ ನಬೀಲ್ ಬಂದ. ಉದ್ಘಾಟನೆಗೆ ಚೀನೀ ಅತಿಥಿಗಳೇ ಬರುವವರಿದ್ದರು. ಹೊಸ ಹಲಗೆ ತರಿಸಲು ಆರು ವಾರ ಬೇಕು. "ಎಂಟು ಮಾಡಲು ಯಾರು ಹೇಳಿದ್ದು?" ಎಂದು ಕೇಳಿದ. ನಾನು ಡ್ರಾಯಿಂಗಿನಲ್ಲಿ ಬರಿಯ ಎತ್ತರ ಇಳಿಸಿದ್ದೇನೆ ಎಂದೇ ಆತ ತಿಳಿದಿದ್ದ.

"ಐ ಡು, ಸರ್" ಎಂದರು ಆಚಾರ್ರು. ಅವರ ಇಂಗ್ಲಿಷೂ ಅಷ್ಟೇ.

ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ಪ್ರಿಂಟು ಅಲ್ಲೇ ಬೆಂಚಿನ ಕೆಳಗೆ ಮರದ ಹುಡಿಯಲ್ಲಿ ಬಿದ್ದಿತ್ತು, ನನಗೆ ಕಾಣುತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಪ್ರೊಬೇಷನ್ ಮುಗಿಯಲು ಹದಿನೈದು ದಿನ ಇತ್ತು. ಅದಕ್ಕೂ ಮುಂಚೆ ಚಾವಣಿಯ ಒಂದು ಅಳತೆ ತಪ್ಪಿ ಒಮ್ಮೆ ಬೈಸಿಕೊಂಡಿದ್ದೆ. ಕೆಲಸ ಹೋದರೆ ಮತ್ತೆ ಆ ಫ್ಲ್ಯಾಟು, ಆ ಹಲ್ಲಿಗಳು. ಇವೆಲ್ಲ ಆಮೇಲೆ ಜೋಡಿಸಿಕೊಂಡ ಕಾರಣಗಳು. ಆ ಕ್ಷಣದ ಸತ್ಯ ಇಷ್ಟೇ: ಹೆದರಿದೆ.

ಆ ಮಧ್ಯಾಹ್ನವೇ ಆಚಾರ್ರನ್ನು ಬಾಗಿಲಿನಿಂದ ಎತ್ತಿ ಮತ್ತೆ ಲ್ಯಾಮಿನೇಟಿಗೆ ಹಾಕಿದರು. ಹೋಟೆಲಿನ ಟಾಯ್ಲೆಟ್ಟಿನ ಬಾಗಿಲುಗಳು, ಬೂದು ಬಣ್ಣ, ನಲವತ್ತು. ಗುವೋ ಕೆಂಪು ಬಾಗಿಲಿಗೆ ಟಾರ್ಪಾಲು ಹೊದಿಸಿ, ತಮ್ಮ ಪೆಟ್ಟಿಗೆ ಮುಚ್ಚಿ, ಹೋಟೆಲಿನ ಕೆಲಸಕ್ಕೆ ಹೋದರು. ನಾನು ಮೇಲೆ ಕೂತು, ಎಂಟು ಅನ್ನುವುದು ಆಚಾರ್ರದೇ ಆಲೋಚನೆಯಲ್ಲವೇ, ಒಂದು ರೀತಿಯಲ್ಲಿ ಅವರು ಹೇಳಿದ್ದು ಸರಿಯೇ ಅಲ್ಲವೇ ಎಂದು ನನಗೆ ನಾನೇ ವಕೀಲಿ ಮಾಡಿಕೊಂಡೆ. ಶುಕ್ರವಾರ ರಜೆ ಇತ್ತು. ಆ ಇಡೀ ದಿನ ಯಜಮಾನರ ಮೇಲೆ ರೇಗಾಡಿದೆ. ಶನಿವಾರ ಕೆಳಗೆ ಇಳಿದಾಗ ಆಚಾರ್ರು ರೋಲರು ಒತ್ತುತ್ತಿದ್ದರು. ತಲೆ ಎತ್ತದೆ ಕೇಳಿದರು, "ಮೇಡಂ, ಲಿಫ್ಟ್ ಲಾಬಿಯ ಡ್ರಾಯಿಂಗ್ ಬಂತಾ?" ಎಂದು. ಅದೂ ಹಿಂದಿಯಲ್ಲಿ. ಕೆನ್ನೆಗೆ ಹೊಡೆದಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.

ಭಾನುವಾರ ನಬೀಲ್ ಕರೆದ. ನನ್ನ ಇಂಗ್ಲಿಷು ಪರವಾಗಿಲ್ಲ ಎಂದು ಆಫೀಸಿನ ಪತ್ರಗಳನ್ನೂ ನನ್ನಿಂದಲೇ ಟೈಪು ಮಾಡಿಸುತ್ತಿದ್ದ. "ಎಚ್ಆರ್‌ಗೆ ಒಂದು ಲೆಟರ್. ಆ ಬಡಗಿ ಅನುಮತಿ ಇಲ್ಲದೆ ಡ್ರಾಯಿಂಗ್ ಮೀರಿ ಕೆಲಸ ಮಾಡಿದ್ದಾನೆ. ಪ್ರಾಜೆಕ್ಟ್ ಮುಗಿದ ಮೇಲೆ ಕಾಂಟ್ರ್ಯಾಕ್ಟ್ ಮುಂದುವರಿಸುವುದು ಬೇಡ."

ನನ್ನ ಮೇಜಿಗೆ ಬಂದು ಕೂತೆ. ಆಚಾರ್ರ ಹೆಸರು ಟೈಪು ಮಾಡಿದೆ, ಕಾರ್ಡ್ ನಂಬರ್ ಟೈಪು ಮಾಡಿದೆ. ಅನುಮತಿ ಇಲ್ಲದೆ ಎಂಬಲ್ಲಿಗೆ ಬಂದು ಕೈ ನಿಂತಿತು. ಅನುಮತಿಯ ಚೌಕದಲ್ಲಿ ಇದ್ದದ್ದು ನನ್ನ ಎರಡು ಅಕ್ಷರ. ಒಂದು ಬಾಗಿಲು ಮಾಡಿದ್ದೇನೆ ಅಂತ ಹೇಳಬಹುದು ಎಂದಿದ್ದ ಮನುಷ್ಯನನ್ನು, ಆ ಬಾಗಿಲು ಕೆಡಿಸಿದವನು ಎಂದು ನನ್ನ ಬೆರಳಿನಿಂದಲೇ ಬರೆದು ಊರಿಗೆ ಕಳಿಸುವವಳಿದ್ದೆ. ಅಳು ಬಂತು. ಅಳುವುದಕ್ಕೂ ಆಫೀಸಿನಲ್ಲಿ ಜಾಗವಿರಲಿಲ್ಲ, ಕೆಳಗೆ ಸ್ಟೋರಿಗೆ ಹೋಗಿ ಹಸನಾಕರ ಪುಟ್ಟಿ ಡಬ್ಬಗಳ ಹಿಂದೆ ನಿಂತು ಅತ್ತೆ. ಅವರು ಒಂದು ಲೋಟ ನೀರು ಕೊಟ್ಟು, "ಹೇಳ್ಲಿಕ್ಕೆ ಇದ್ದದ್ದನ್ನು ಹೇಳಿ ಬಿಡಿ ವಿನಯಕ್ಕ. ಹೊಟ್ಟೆಯಲ್ಲಿ ಇಟ್ಕೊಂಡ್ರೆ ಅಲ್ಲೇ ಕೊಳೀತದೆ" ಎಂದರು. ಇಡೀ ವರ್ಕ್‌ಶಾಪಿಗೆ ಗೊತ್ತಿತ್ತು ಎಂದು ಆಗ ನನಗೆ ಗೊತ್ತಾಯಿತು.

ಬೆಂಚಿನ ಕೆಳಗಿನ ಪ್ರಿಂಟು ಹುಡುಕಿ, ಹುಡಿ ಕೊಡವಿ, ನಬೀಲನ ಮೇಜಿನ ಮೇಲೆ ಇಟ್ಟೆ. ಆತ ನನ್ನ ಇನಿಶಿಯಲ್ ನೋಡಿದ. ತಾರೀಕು ನೋಡಿದ.

"ಬುಧವಾರ ಯಾಕೆ ಹೇಳಲಿಲ್ಲ?"

"ಹೆದರಿದೆ, ಸರ್."

ಪ್ರಿಂಟನ್ನು ನನ್ನ ಕಡೆಗೆ ತಳ್ಳಿದ. ಆಮೇಲೆ, "ಅದೇ ಲೆಟರ್ ಇರಲಿ. ಹೆಸರು ಬದಲಾಯಿಸು" ಎಂದ. ಹೀಗೆ ನನ್ನ ವಾರ್ನಿಂಗ್ ಲೆಟರನ್ನು ನಾನೇ ಟೈಪು ಮಾಡಿದೆ. ಕೊನೆಯ ಸಾಲು ಮಾತ್ರ ಅವನೇ ಬದಲಾಯಿಸಿ ಹೇಳಿದ, ಪ್ರೊಬೇಷನ್ ಮೂರು ತಿಂಗಳು ಮುಂದಕ್ಕೆ. ಕ್ರೀಡಾಕೂಟದ ಹೊಸ್ತಿಲಲ್ಲಿ ಇನ್ನೊಬ್ಬ ಡ್ರಾಫ್ಟ್ಸ್‌ಮನ್ ಹುಡುಕಲು ಆತನಿಗೂ ಆಗುತ್ತಿರಲಿಲ್ಲ. ನಾನು ಬಚಾವಾದದ್ದು ಒಳ್ಳೆಯತನದಿಂದಲ್ಲ, ಗಡಿಬಿಡಿಯಿಂದ.

ಆಚಾರ್ರ ಕಾಗದ ನಿಂತಿತು, ಆದರೆ ಬಾಗಿಲು ಹಾಗೇ ಟಾರ್ಪಾಲಿನ ಕೆಳಗಿತ್ತು. ಗುವೋ ಒಪ್ಪದೆ ಯಾರೂ ಅದನ್ನು ಮುಟ್ಟುವ ಹಾಗಿರಲಿಲ್ಲ. ಮರುದಿನ ಅವರು ವರ್ಕ್‌ಶಾಪಿಗೆ ಬಂದಾಗ ನಾನು ಪ್ರಿಂಟು ತೋರಿಸಿ, ನನ್ನ ಎದೆ ಮುಟ್ಟಿಕೊಂಡು, "ಮೈ ಮಿಸ್ಟೇಕ್" ಎಂದೆ. ಅವರು ತಲೆ ಆಡಿಸಿದರು. ಆದರೆ ಅವರಿಗೆ ಬೇಕಾಗಿದ್ದದ್ದು ತಪ್ಪು ಯಾರದ್ದು ಎಂಬುದಲ್ಲ. ಆಚಾರ್ರನ್ನು ಕರೆಸಿದರು. ಎಂಟು ಬೆರಳು ಎತ್ತಿ, ಹುಬ್ಬು ಮೇಲೆ ಮಾಡಿ ಕೇಳಿದರು, ಯಾಕೆ?

ಆಚಾರ್ರು ನನ್ನ ಕಡೆ ನೋಡಲಿಲ್ಲ. ಕೆಳಗೆ ಬಿದ್ದಿದ್ದ ರೀಪಿನ ತುಂಡುಗಳನ್ನು ಆರಿಸಿ, ಬೆಂಚಿನ ಮೇಲೆ ಮಾಡಿನ ಹಾಗೆ ಇಳಿಜಾರಾಗಿ ಜೋಡಿಸಿದರು. ಈ ಬದಿ ಒಂದು ಪಕ್ಕಾಸು, ಆ ಬದಿ ಅದರ ಜೋಡಿ. ಈ ಬದಿ ಇನ್ನೊಂದು, ಆ ಬದಿ ಅದರ ಜೋಡಿ. ಎಂಟು ಆದಾಗ ಮೇಲೆ ಮೆಲ್ಲನೆ ಕೈ ಊರಿದರು, ಮಾಡು ನಿಂತಿತು. ಆಮೇಲೆ ಒಂಬತ್ತನೆಯದನ್ನು ಎತ್ತಿ, ಇದಕ್ಕೆ ಜೋಡಿ ಎಲ್ಲಿ ಎಂಬಂತೆ ಕೈ ಚೆಲ್ಲಿ, ಒಂಟಿಯಾಗಿ ಪಕ್ಕಕ್ಕೆ ಇಟ್ಟರು.

ಗುವೋ ಬಗ್ಗಿ ಆ ಪುಟ್ಟ ಮಾಡನ್ನು ಎಲ್ಲ ಬದಿಯಿಂದ ನೋಡಿದರು. ತಮ್ಮ ಬೆರಳಿನಿಂದಲೂ ಒತ್ತಿ ನೋಡಿದರು. ಅವರ ಮುಖ ಸಡಿಲವಾದದ್ದು ನನಗೆ ಕಂಡಿತು. ಎಂಟರ ಮೇಲೆ ಕೈ ಇಟ್ಟು, "ಯೂ, ಹೌಸ್" ಎಂದರು. ಬಾಗಿಲಿನ ಕಡೆ ತೋರಿಸಿ, "ದಿಸ್, ಕಿಂಗ್" ಎಂದರು. ಅಸಡ್ಡೆಯಿಂದ ಆದ ಕೆಲಸವಲ್ಲ, ಇನ್ನೊಬ್ಬ ಕಸುಬುದಾರ ತನ್ನ ಅಪ್ಪನ ನಿಯಮ ನೆನೆದು ಮಾಡಿದ್ದು ಎಂದು ಗೊತ್ತಾದ ಮೇಲೆ ಅವರಿಗೆ ಸಿಟ್ಟಿರಲು ಕಾರಣವಿರಲಿಲ್ಲ. ಟಾರ್ಪಾಲು ತೆಗೆದರು. ತೇಗದ ಒಂದು ತುಂಡನ್ನು ದುಂಡಗೆ ಕೆತ್ತಿ, ಅಂಟು ಹಚ್ಚಿ, ಮೊದಲ ತೂತಿಗೆ ಬಡಿದು ಕೂರಿಸಿ, ಸುತ್ತಿಗೆಯನ್ನು ಆಚಾರ್ರ ಕಡೆ ಚಾಚಿದರು.

ನೂರ ನಲವತ್ತನಾಲ್ಕು ತೂತುಗಳನ್ನು ಹಾಗೆ ಒಂದೊಂದಾಗಿ ಮುಚ್ಚಿದರು. ನಡುವೆ ರಂಜಾನ್ ಶುರುವಾಗಿ ಕೆಲಸದ ಹೊತ್ತು ಕಡಿಮೆಯಾಯಿತು. ಉಪವಾಸದವರು ಎದುರಿಗಿರುವಾಗ ಕುಡಿಯಬಾರದೆಂದು ಗುವೋ ತಮ್ಮ ಚಹಾದ ಫ್ಲಾಸ್ಕನ್ನು ಆಚಾರ್ರ ಹಸಿರು ಪೆಟ್ಟಿಗೆಯೊಳಗೆ ಇಡುತ್ತಿದ್ದರು, ಇಬ್ಬರೂ ಹಿಂದಿನ ಶೆಡ್ಡಿಗೆ ಹೋಗಿ ಕುಡಿದು ಬರುತ್ತಿದ್ದರು. ನಾನು ಗಿಡ್ಡವಾದ ಬಾಗಿಲಿಗೆ ಒಂಬತ್ತು ಸಾಲು ಹೊಂದುವ ಹಾಗೆ ಹೊಸ ಡ್ರಾಯಿಂಗ್ ಮಾಡಿ, ಈ ಸಲ ಗುವೋ ಅವರ ಸಹಿ ತೆಗೆದುಕೊಂಡೆ. ಆಚಾರ್ರು ಕೆಲಸಕ್ಕೆ ಬೇಕಾದಷ್ಟು ಮಾತ್ರ ಮಾತಾಡುತ್ತಿದ್ದರು, ಅದೂ ಹಿಂದಿಯಲ್ಲೇ, ಮೇಡಂ ಎಂದೇ. ಕ್ಷಮೆ ಕೇಳಬೇಕೆಂದು ಎರಡು ಸಲ ಹೋಗಿ, ಬೇರೆ ಏನೋ ಕೇಳಿ ವಾಪಸು ಬಂದೆ. ದೊಡ್ಡವರ ಹತ್ತಿರ ಕ್ಷಮೆ ಕೇಳುವ ಮಾತು ನಮ್ಮ ಭಾಷೆಯಲ್ಲಿ ಇದೆಯೋ ಇಲ್ಲವೋ ಎಂಬಷ್ಟು ಅದು ಬಾಯಿಗೆ ಬರುತ್ತಿರಲಿಲ್ಲ.

ಅಕ್ಟೋಬರ್ ಕೊನೆಯಲ್ಲಿ ಹೊಸ ತೂತು ಕೊರೆಯುವ ದಿನ ಬಂತು. ಬಾಗಿಲು, ಬಡಗಿಗಳು ಹಲಗೆ ಇಡುವ ಎರಡು ಮರದ ಕುದುರೆಗಳ ಮೇಲೆ ಮಲಗಿತ್ತು, ಮುಚ್ಚಿದ ತೂತುಗಳು ಎಲ್ಲಿದ್ದವು ಎಂದು ಕೈ ಸವರಿದರೂ ತಿಳಿಯುತ್ತಿರಲಿಲ್ಲ. ಗುವೋ ಮಸಿನೂಲು ಹೊಡೆದು ಗೆರೆಗಳನ್ನು ಹಾಕಿ ಹೋಗಿದ್ದರು. ಕೊರೆಯುವ ಮುಂಚೆ ಇನ್ನೊಮ್ಮೆ ಅಳೆದು ನೋಡಬೇಕಿತ್ತು. ಆಚಾರ್ರಿಗೆ ಟೇಪಿನ ಆಚೆ ತುದಿ ಹಿಡಿಯಲು ಯಾರೂ ಇರಲಿಲ್ಲ, ಎಲ್ಲರೂ ನಮಾಜಿಗೆ ಹೋಗಿದ್ದರು. ನಾನು ಡ್ರಾಯಿಂಗ್ ಹಿಡಿದು ನಿಂತಿದ್ದೆ. ಅವರು ಟೇಪು ಎಳೆದು, ತುದಿಯನ್ನು ನನ್ನ ಕಡೆ ಚಾಚಿದರು. ನಾನು ಹಿಡಿದುಕೊಂಡೆ. ಅವರು ಬಗ್ಗಿ ಮೊದಲ ಗೆರೆಗೆ ಪೆನ್ಸಿಲ್ ಇಟ್ಟು, ಆ ಗೆರೆಯನ್ನೇ ನೋಡುತ್ತ, ತುಳುವಿನಲ್ಲಿ ಹೇಳಿದರು:

"ನೀವು ಹೇಳ್ತೀರಿ ಅಂತ ನನಗೆ ಗೊತ್ತಿತ್ತು ಅಕ್ಕ. ಮೊದಲನೇ ದಿನವೇ ಹೇಳ್ತೀರಿ ಅಂತ ಗ್ರಹಿಸಿದ್ದೆ."

ಸಿಟ್ಟು ಇರಲಿಲ್ಲ ಆ ಮಾತಿನಲ್ಲಿ. ಸಿಟ್ಟಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ, ಅಳುತ್ತಿದ್ದೆ, ಕಾರಣ ಕೊಡುತ್ತಿದ್ದೆ. ಬುಧವಾರದಿಂದ ಭಾನುವಾರದವರೆಗೆ ಅವರು ಟಾಯ್ಲೆಟ್ಟಿನ ಬಾಗಿಲಿಗೆ ರೋಲರು ಒತ್ತುತ್ತ, ತಗಡಿನ ಮೆಟ್ಟಿಲಿನಲ್ಲಿ ನನ್ನ ಕಾಲಿನ ಸದ್ದು ಕೇಳಿದಾಗಲೆಲ್ಲ, ಈಗ ಹೇಳುತ್ತಾಳೆ ಎಂದು ಕಾದಿದ್ದರು. ನಾನು ದಿನಕ್ಕೆ ನಾಲ್ಕು ಸಲ ಇಳಿಯುತ್ತಿದ್ದೆ.

"ಹೌದು ಆಚಾರ್ರೇ" ಎಂದೆ. ಅವರು ಎರಡನೆಯ ಗೆರೆಗೆ ಸರಿದರು. ಒಂಬತ್ತೂ ಸಾಲು ಅಳೆದು ಮುಗಿಯುವವರೆಗೆ ನಾನು ಟೇಪಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದೆ.